ಚೀಲದ ಬೆನ್ನು ಹತ್ತಿ

"ಜಗತ್ತಿನದೊಂದು ಸಮಸ್ಯೆ ಆರಿಸಿಕೊಂಡು ಬನ್ನಿ" ಅಂದರು
ಚೂಡಾಮಣಿ ಮೇಡಂ, ಶನಿವಾರ, ಕೊನೇ ಪೀರಿಯಡ್ಡು.
ಜಗತ್ತು ಆಗ ನಮಗೆ
ಗೋಡೆಗೆ ನೇತುಹಾಕಿದ ನಕ್ಷೆ,
ಗ್ರೀನ್‌ಲ್ಯಾಂಡಿನ ಹಿಂದೆ ಹಲ್ಲಿ ಮೊಟ್ಟೆ.

ತಸ್ಕೀನ್ ಯುದ್ಧ ಅಂದಳು. ಹಾಲೇಶ ಹಸಿವು ಅಂದ.
ಮೊದಲೇ ಸೋಮಾರಿ ನಾನು, ಎರಡನ್ನೂ ಗಂಟುಹಾಕಿ
ಯುದ್ಧದಿಂದ ಹಸಿವು ಅಂದೆ.
ಮೇಡಂ ನಗಲಿಲ್ಲ.
"ಆನೆಯನ್ನು ಯಾರೂ ಇಡಿಯಾಗಿ ಹೊತ್ತು ತರಲಾರರು,
ಹೆಜ್ಜೆಯೊಂದು ಸಾಕು, ಅಳೆದು ತನ್ನಿ."

ಹಾಗೆ ಸಿಕ್ಕಿದ್ದು ಒಂದು ಚೀಲ.
ಪೊಟ್ಯಾಷ್, ಐವತ್ತು ಕೆಜಿಯದು,
ಸಂತೇಪೇಟೆಯ ಗೊಬ್ಬರದಂಗಡಿ ಮುಂದೆ
'ಸ್ಟಾಕ್ ಇಲ್ಲ' ಬೋರ್ಡಿನ ಕೆಳಗೆ
ಖಾಲಿಯಾಗಿ, ಕಾಲೊರೆಸಲು ಹಾಸಿದ್ದು.

ಆಲೂಗೆಡ್ಡೆಗೆ ಮಣ್ಣೇರಿಸುವ ಹೊತ್ತಿಗೇ ಯಾಕಿಲ್ಲ?
ಅಂಗಡಿಯ ನಾಗಭೂಷಣ ಶೆಟ್ಟರು: "ಮೇಲಿಂದಲೇ ಬರ್ತಿಲ್ಲ ಮಗಾ."
ಮೇಲೆ ಅಂದರೆ ಎಲ್ಲಿ ಎಂದು ಕೇಳಿದ್ದಕ್ಕೆ
ಚಾವಣಿಯ ಕಡೆ ಕೈ ತೋರಿದರು.
ಹಮಾಲಿಯೊಬ್ಬ ಬೀಡಿ ಕಿವಿಗೆ ಸಿಕ್ಕಿಸಿಕೊಂಡು
"ಹಿಂದಿನ ಗೋಡೌನಲ್ಲಿ ನೋಡಿ" ಅಂದ,
ಹೆಸರು ಬರೀಬೇಡಿ ಅಂದ. ಇಲ್ಲೂ ಬರೆದಿಲ್ಲ.
ಮೊಬೈಲಿನಲ್ಲಿ ಟೈ ಕಟ್ಟಿದವನೊಬ್ಬ
ಒಂದೇ ಉಸಿರಿಗೆ ಒಂದು ದೇಶದ ಹೆಸರೆತ್ತಿ
ಎಲ್ಲಾ ಅವರದೇ ಪಿತೂರಿ ಅಂದ;
ನಲವತ್ತು ಸಾವಿರ ಮಂದಿ ಮೆಚ್ಚಿದ್ದರು.
ನಾನೂ ಮೆಚ್ಚಿದೆ. ಬರೆದುಕೊಂಡೆ. ಕೆಂಪಿಂಕಿನಲ್ಲಿ ಅಡಿಗೆರೆ.

ಸೋಮವಾರ ಆ ಗೆರೆಯ ಪಕ್ಕ ಮೇಡಂ ಪೆನ್ಸಿಲ್ಲು:
ಇವನಿಗೆ ಯಾರು ಹೇಳಿದರು?
ಇದು ಸುಳ್ಳಾಗಿದ್ದರೆ
ನಿನಗೆ ಹೇಗೆ ಗೊತ್ತಾಗುತ್ತಿತ್ತು?

ಹಿಮ್ಮಡಿಯ ಮುಳ್ಳು. ಆಲೂರಿನವರೆಗೂ
ನಿಂತೇ ಹೋಗಬೇಕಾದ ಬಸ್ಸಿನಲ್ಲಿ ಚುಚ್ಚುತ್ತಲೇ ಇತ್ತು.
ದಿನಾಂಕ ನೋಡಿದವಳು ತಸ್ಕೀನ್: ವಿಡಿಯೋ
ಮೂರು ವರ್ಷ ಹಳೇದು, ಅದರ ಹಡಗು
ಬೇರಾವುದೋ ಬಂದರಿನದು.

ಆಮೇಲೆ ಎಲ್ಲ ನಿಧಾನ.
ಚೀಲ ಮಗುಚಿ, ಕೆಸರು ಉಜ್ಜಿ, ಅಚ್ಚು ಓದಿದೆವು:
ಆಮದು. ಮಂಗಳೂರು. ತಿಂಗಳಿನ ಜಾಗ ಹರಿದಿತ್ತು.
ಲೈಬ್ರರಿಯ ಹಳೇ ಪೇಪರಿನ ಧೂಳಿಗೆ
ಹಾಲೇಶ ಹದಿನೆಂಟು ಸಲ ಸೀನಿದ, ಎಣಿಸಿದ್ದೇನೆ.
ಹಾಳೆಯ ನಡುವೆ ಗೀಟೆಳೆದೆವು,
ಎಡಕ್ಕೆ ಗೊತ್ತಿರುವುದು, ಬಲಕ್ಕೆ ಅಂದುಕೊಂಡದ್ದು.
ಎಡಗಡೆ ಸೊರಗಿತು. ಬಲಗಡೆ
ಜಾಗ ಸಾಲದೆ ಇನ್ನೊಂದು ಹಾಳೆ ಅಂಟಿಸಿದೆವು.

ಹೆಸರು ಉಚ್ಚರಿಸಲಾಗದ ಊರಿನ ಗಣಿ,
ಅದರ ಮೇಲೊಂದು ನಿರ್ಬಂಧ,
ಸುತ್ತು ಬಳಸಿ ಬಂದ ಹಡಗು, ಡಾಲರು,
ದೆಹಲಿಯಲ್ಲಿ ಸಹಿ ಕಾಯುವ ಕಡತ,
ಶಿರಾಡಿ ಘಾಟಿಯಲ್ಲಿ ಕುಸಿದ ಗುಡ್ಡ
(ಹಾಲೇಶನ ಸೋದರಮಾವ ನಾಲ್ಕು ದಿನ
ಲಾರಿಯೊಳಗೇ ಅನ್ನ ಬೇಯಿಸಿಕೊಂಡಿದ್ದ).
ಒಂದು ಎಳೆ ಎಳೆದರೆ ಇನ್ನೊಂದು ಬಿಗಿಯುತ್ತಿತ್ತು,
ಯಾವುದೂ ಸುಳ್ಳಲ್ಲ, ಯಾವುದೂ ಒಂದೇ ಅಲ್ಲ.

ಹಾಗೇ, ಹೌದು, ಗೋಡೌನೂ.
ಶೆಟ್ಟರು ಊಟಕ್ಕೆ ಹೋದಾಗ ಕಿಟಕಿಯಲ್ಲಿ ಇಣುಕಿದೆವು:
ಹನ್ನೆರಡು ಚೀಲ. ಅಷ್ಟೇ.
ಒಂದೊಂದರ ಮೇಲೂ ಸೀಮೆಸುಣ್ಣದಲ್ಲಿ ಹೆಸರು,
ಕಿಟಕಿಯ ಪಕ್ಕದ ಎರಡರ ಮೇಲೆ
ನಮ್ಮಪ್ಪನದು.

ತಸ್ಕೀನ್ ಓದಿದಳೋ ಇಲ್ಲವೋ, ಏನೂ ಅನ್ನಲಿಲ್ಲ.
ಆ ರಾತ್ರಿ ಅಪ್ಪ ಪಕ್ಕದ ತಟ್ಟೆಯಲ್ಲಿ
ಮುದ್ದೆ ಮುರಿಯುತ್ತಾ ಮಳೆ ಹೇಗಿದೆ ಹಾಸನದಲ್ಲಿ ಅಂದರು.
ಇದೆ ಅಂದೆ.
ಹಾಳೆ ತೆಗೆದೆ. ಗೀಟಿನ ಎರಡೂ ಕಡೆ
ಬಹಳ ಹೊತ್ತು ಪೆನ್ನು ಓಡಾಡಿತು.
ಕೊನೆಗೆ ಎಡಗಡೆ ಬರೆದೆ, ತೀರಾ ಸಣ್ಣ ಅಕ್ಷರ,
ಚೀಲ ಹನ್ನೆರಡು, ಅದರಲ್ಲಿ ಎರಡು ನಮ್ಮವು.

ಹತ್ತಕ್ಕೆ ಏಳು ಬಂತು.
ಸಣ್ಣ ಅಕ್ಷರದ ಪಕ್ಕ ಅಷ್ಟೇ ಸಣ್ಣದಾಗಿ
ಪೆನ್ಸಿಲ್ಲಿನಲ್ಲಿ: ಅಪ್ಪನನ್ನು ಕೇಳಿದೆಯಾ?
ಕೆಳಗೆ ಮೂರು ಸಾಲು
ಖಾಲಿ ಬಿಟ್ಟಿದ್ದರು.