ಅಸ್ತರು

ಕೋಡಿಬಾಗದ ತಿರುವಿನಲ್ಲಿ ಮಿಲಾನೋ ಟೇಲರ್ಸ್.
ಹೆದ್ದಾರಿ ಅಗಲವಾದಾಗ ಬೋರ್ಡು ಹೋಯಿತು,
ಮೆಟ್ಟಿಲೂ ಹೋಯಿತು. ಈಗ ಗಿರಾಕಿಗಳು
ಮರದ ಸ್ಟೂಲು ಹತ್ತಿ ಒಳಗೆ ಬರುತ್ತಾರೆ.

ಬಸ್ತ್ಯಾಂವ್ ಮೇಸ್ತ ಮಿಲಾನ್ ನೋಡಿದ್ದು ನಿಜವೇ ಎಂದು
ಯಾರೂ ಕೇಳಿರಲಿಲ್ಲ. ನಾನು ಕೇಳಿದೆ,
ಹದಿನಾರರವಳು, ಗುಂಡಿ ಹಚ್ಚಲು ಬಂದವಳು.
"ನೋಡಿದ್ದೇನೆ ಬಾಯೇ, ರೈಲಿನಿಂದ," ಅಂದ.
ಹಡಗಿನ ಲಾಂಡ್ರಿಯವ ಜಿನೋವಾದಲ್ಲಿ ಇಳಿದು
ಒಂಬತ್ತು ವರ್ಷ ಇಸ್ತ್ರಿ ತಿಕ್ಕಿದ್ದು
ಓರ್ನೆಲ್ಲಾ ಬ್ರಾಂದೋನಿ ಎಂಬವಳ ಕಾರ್ಖಾನೆಯಲ್ಲಿ.

ಅವಳ ಕತೆ ಹೇಳುತ್ತಿದ್ದುದು ಕರೆಂಟು ಹೋದಾಗ ಮಾತ್ರ.
ಅಪ್ಪನದು ಕೈಗವಸಿನ ಅಂಗಡಿ, ಸಾಲಕ್ಕೆ ಮುಚ್ಚಿದ್ದು.
ಉಳಿದ ಮೇಕೆ ತೊಗಲಲ್ಲಿ ಅವಳು ಚೀಲ ಹೊಲಿದಳು,
ಅಂಗೈಯಷ್ಟು, ಒಂದು ಬೀಗದ ಕೈ ಹಿಡಿಸುವಷ್ಟು.
ಕೊಳ್ಳಲು ಹೆಂಗಸರು ಮುಗಿಬಿದ್ದರಂತೆ,
"ಬೈತಖೋಲಕ್ಕೆ ಬಂಗಡೆ ಬಂದ ದಿನದ ಹಾಗೆ."
ಆಮೇಲೆ ಕೋಟು. ಆಮೇಲೆ ಅತ್ತರು.
ಪ್ಯಾರಿಸ್ಸಿನಲ್ಲಿ ಅಂಗಡಿ, ಟೋಕಿಯೋದಲ್ಲಿ ಬರೀ ಗಾಜಿನ ಅಂಗಡಿ,
ಹೊಲಿಯುವವರು ನಾನೂರು ಜನ.
ಸಂಜೆ ಆರಕ್ಕೆ ಅವಳೇ ಬಂದು ಕೋಟು ಮಗುಚಿ
ಒಳಗಡೆ ನೋಡುತ್ತಿದ್ದಳು.
ಹೊರಗಡೆ ಸುಳ್ಳು ಹೇಳಬಹುದು, ಅಸ್ತರಿಗೆ ಬಾರದು.
ಒಂದು ಸುಕ್ಕಿಗೆ ಇಡೀ ತೋಳು ಬಿಚ್ಚಿಸಿದಳಂತೆ.
"ಕೆಟ್ಟ ಹೆಂಗಸು," ಅನ್ನುತ್ತಿದ್ದ ಬಸ್ತ್ಯಾಂವ್, ಪ್ರೀತಿಯಿಂದ.

ಅರವತ್ತು ತುಂಬಿದ ವರ್ಷ ಅವಳು ಕಂಪನಿ ಮಾರಿದಳು.
ಯಂತ್ರ, ನಮೂನೆ, ಅಂಗಡಿ, ಅತ್ತರಿನ ಗುಟ್ಟು.
ಕಾಗದದ ಕೊನೆಯ ಪುಟದಲ್ಲಿ ಹೆಸರೂ ಇತ್ತು.
ಎರಡೇ ವರ್ಷಕ್ಕೆ ಬೇಸರ ಬಂದು, ಹಳೆಯ ಬೀದಿಯಲ್ಲೇ
ಸಣ್ಣದೊಂದು ಬಾಗಿಲು ತೆರೆದು, ಮೇಲೆ
ತನ್ನ ಹೆಸರು ಬರೆಸಿದಳು. ವಕೀಲ ಬಂದ.
ಈ ಹೆಸರು ನಿಮ್ಮದಲ್ಲ, ಅಂದ.
ಮತ್ತೆ ಚರ್ಚಿನಲ್ಲಿ ನೆತ್ತಿಗೆ ನೀರು ಹಾಕಿಸಿ ಅಪ್ಪ ಇಟ್ಟದ್ದು?
ಅದು ಕರೆಯಲಿಕ್ಕೆ, ಅಂದ ವಕೀಲ, ಮಾರಲಿಕ್ಕಲ್ಲ.

ನಾನು ನಕ್ಕೆ. ಹದಿನಾರಕ್ಕೆ ಎಲ್ಲದಕ್ಕೂ ನಗು.
ಮನೆಗೆ ನಡೆಯುವಾಗ ನೆನಪಾಯಿತು,
ಪರಿಹಾರದ ಕಚೇರಿಯಲ್ಲಿ ಅಜ್ಜಿ ಹೆಬ್ಬೆಟ್ಟು ಒತ್ತಿದ್ದು,
ಶಾಯಿ ಸೆರಗಿಗೆ ಒರೆಸಿಕೊಂಡದ್ದು.
ಅರಗಾ ಈಗ ನೌಕಾನೆಲೆಯ ಗೋಡೆಯ ಆಚೆ.
ತೋಡೂರಿನ ಕಾಲನಿಯಲ್ಲಿ ನಮ್ಮ ಮನೆಗೆ ನಂಬರು ಇದೆ.
ವಿಳಾಸ ಕೇಳಿದರೆ ಅಜ್ಜಿ ಸಾಯುವವರೆಗೂ ಅರಗಾ ಅಂದಳು,
ಪೋಸ್ಟ್‌ಮನ್ ಸಾವಧಾನವಾಗಿ ತಿದ್ದುತ್ತಿದ್ದ.

ಬಸ್ತ್ಯಾಂವ್ ಹೋಗಿ ಹನ್ನೊಂದು ವರ್ಷ.
ಕತ್ತರಿ ಮಡಗಾಂವಿನ ಮಗಳಿಗೆ, ಯಂತ್ರ ನನಗೆ,
ಸಿನ್ಯೋರಾ ಕೊಟ್ಟ ಬೂದು ಕೋಟೂ ನನಗೇ,
ಕಾರವಾರದ ಸೆಕೆಗೆ ಯಾರೂ ತೊಡಲಾರದ್ದು.
ಕಳೆದ ಮಳೆಗಾಲ ಬೂಸಲು ಹಿಡಿಯಿತೆಂದು ಅಸ್ತರು ಬಿಚ್ಚಿದೆ.
ಕತ್ತಿನ ಹಿಂದೆ ಹೆಸರಿನ ಪಟ್ಟಿ ಕಿತ್ತ ಜಾಗದಲ್ಲಿ
ನಾಲ್ಕು ಸೂಜಿತೂತು.
ಒಳಗೆಲ್ಲೋ ಗುಟ್ಟಾಗಿ ಬರೆದಿಟ್ಟಿರಬೇಕು ಎಂದು
ತೋಳಿನ ತುದಿಯವರೆಗೂ ಹುಡುಕಿದೆ. ಇಲ್ಲ.
ಹೊಲಿಗೆ ಇತ್ತು, ಅಂಗುಲಕ್ಕೆ ಹದಿನೆಂಟು.
ಯಾರೂ ನೋಡದ ಕಡೆಯೂ ಹದಿನೆಂಟು.

ಈಗ ನನ್ನ ಕಸುಬು ಹೆಸರು.
ನೇವಿಯ ಹುಡುಗರು ಸಂಜೆ ಬರುತ್ತಾರೆ,
ಎದೆಯ ಮೇಲಿನ ಪಟ್ಟಿಗೆ. ನೀಲಿಯ ಮೇಲೆ ಬಿಳಿ ದಾರ,
ಒಂದಕ್ಕೆ ಅರವತ್ತು ರೂಪಾಯಿ.
ತಮಾಂಗ್. ಕುಟ್ಟಪ್ಪನ್. ಹೂಡಾ.
ನಮ್ಮ ತುಳಸಿಕಟ್ಟೆ ಇದ್ದಲ್ಲಿ
ಬೆಳಿಗ್ಗೆ ಐದಕ್ಕೆ ಪೆರೇಡು ನಿಲ್ಲುವ ಹೆಸರುಗಳು.

ನಿನ್ನೆ ಒಬ್ಬ ಹೊಸಬ, ಮೀಸೆ ಇನ್ನೂ ಸರಿಯಾಗಿ ಬಾರದವ,
ಪಟ್ಟಿ ತಿರುವಿ ಹಿಂಬದಿ ನೋಡಿದ.
ಒಂದು ಗಂಟಿಲ್ಲ, ಒಂದು ಎಳೆ ಹೊರಗಿಲ್ಲ.
"ಹಿಂದೆ ಇಷ್ಟು ಯಾಕೆ ದೀದಿ, ಯಾರು ನೋಡುತ್ತಾರೆ?"
ಉತ್ತರಕ್ಕೆ ಕಾಯದೆ, "ನಿಮ್ಮ ಊರು ಯಾವುದು?" ಅಂದ.
ಹೇಳಿದೆ.
ಅವನ ಮುಖ ಅರಳಿತು. "ಅರೇ, ನಾನೂ ಅಲ್ಲೇ ಇರೋದು!"

ನೂರರ ನೋಟು ಕೊಟ್ಟಿದ್ದ.
ಡ್ರಾಯರಿನಲ್ಲಿ ನಲವತ್ತು ಹುಡುಕಿದೆ.