ಐಸಿನ ಲೆಕ್ಕ

ಕಾಂಪೋಟಿನಲ್ಲಿ ರಾತ್ರಿಯನ್ನು ಮೊದಲು ಕೊಯ್ಯುವವನು ನಾನು.
ನಾಲ್ಕು ಗಂಟೆ, ಹೊಳೆಯ ಮೇಲೆ ಬಿಸಿಲಿನ್ನೂ ಕಾಲು ಚಾಚಿ ಬಿದ್ದಿರುತ್ತದೆ,
ಗಾಡಿಯೊಳಗೆ ಭತ್ತದ ಹೊಟ್ಟು, ಹೊಟ್ಟಿನೊಳಗೆ ಐಸಿನ ದಿಮ್ಮಿ,
ಮೇಲೆ ಗೋಣಿ, ಗೋಣಿಯ ಮೇಲೆ ನನ್ನ ಮಗ,
ಅವನ ತೊಡೆಯ ಮೇಲೆ ಗರಗಸ.

'ಹಸಿರು ಮೊಸಳೆ'ಗೆ ಎರಡೂವರೆ.
ಅಲ್ಲಿ ಬೆನ್ನುಚೀಲದ ಹುಡುಗರು ಬಕೆಟ್ಟಿನಲ್ಲಿ ಕುಡಿಯುತ್ತಾರೆ,
ನಾಲ್ವರಿಗೊಂದು ಬಕೆಟ್ಟು, ನಾಲ್ಕು ಕೊಳವೆ,
ಮೂತಿ ಇಟ್ಟರೆಂದರೆ ಕಲಗಚ್ಚಿಗೆ ಬಂದ ಕರುಗಳೇ.
ಸೋಫೋರ್ನಳ ಅಂಗಡಿಗೆ ಒಂದು.
ಅಲ್ಲಿಗೆ ಬರುವವರು ನಿಂಬೆ ಹಿಂಡಿಸಿಕೊಂಡು
ಮುಳುಗುವ ಸೂರ್ಯನ ಫೋಟೋ ಹಿಡಿದು
ಮಿಂಚುಹುಳ ನೋಡುವ ದೋಣಿ ಹತ್ತಿ ಹೋಗಿಬಿಡುತ್ತಾರೆ.
ಕೊನೆಗೆ, ಸೇತುವೆ ಬುಡದ ಓಡ್ವಾರನಿಗೆ ಅರ್ಧ.
ಅರ್ಧವೂ ಹೆಚ್ಚೇ. ನಾಲ್ಕು ಸ್ಟೂಲು, ಒಂದು ಬೆಕ್ಕು,
ಗಿರಾಕಿಗಿಂತ ಹೆಚ್ಚು ಅವನೇ ಕುಡಿಯುತ್ತಿದ್ದ.

ಮೂರು ದಿನಕ್ಕೆಂದು ಬಂದ ನಾರ್ವೆಯವನು,
ಹದಿನೇಳು ಮಳೆಗಾಲ ಕಳೆದ.
ಬಿಸಿ ಗೆಣಸು ಬಾಯಲ್ಲಿಟ್ಟುಕೊಂಡವನ ಹಾಗೆ ಖ್ಮೇರ್ ಮಾತಾಡುವನು.
ಕೊಯ್ದ ಚೂರೊಂದನ್ನು ಕತ್ತಿಗೊತ್ತಿಕೊಂಡು ಹೇಳುವನು:
"ನಮ್ಮೂರಲ್ಲಿ ಇದನ್ನು ಸಲಿಕೆಯಿಂದ ಎತ್ತಿ ಎಸೆಯುತ್ತಿದ್ದೆ, ಬೈಯುತ್ತ.
ಇಲ್ಲಿ ನಿನಗೆ ದುಡ್ಡು ಕೊಟ್ಟು ತರಿಸುತ್ತೇನೆ."
ದುಡ್ಡು ಕೊಡುತ್ತಿದ್ದನೆಂದು ಯಾರು ಹೇಳಿದರು?
ಗಾಡಿಯ ಬದಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದೆ, ಅಷ್ಟೆ.

ಏಪ್ರಿಲ್. ಹೊಸ ವರ್ಷ ಮುಗಿದು
ಕಾರ್ಖಾನೆ ಆಗಷ್ಟೇ ಬಾಗಿಲು ತೆಗೆದಿತ್ತು.
ಮಧ್ಯಾಹ್ನ ಕುರ್ಚಿಯಲ್ಲಿ ಕೂತಿದ್ದವನು ಕೂತೇ ಇದ್ದ.
ಬೆಕ್ಕು ಇಳಿದಿರಲಿಲ್ಲ.

ಮಗಳು ಬರಲು ಮೂರು ದಿನ.
ಆಸ್ಪತ್ರೆಯ ತಂಪುಪೆಟ್ಟಿಗೆ ಹೋದ ಮಳೆಗಾಲದಲ್ಲೇ ಸತ್ತಿತ್ತು.
ಪಗೋಡದ ಹಿರಿಯ ತಾ ಛೋಮ್ ಬೆರಳು ಮಡಿಸಿ ಎಣಿಸಿದ:
ದಿನಕ್ಕೆ ಒಂಬತ್ತು ದಿಮ್ಮಿ.
ಕಾರ್ಖಾನೆಯಲ್ಲಿ ಕರೆಂಟು ಅರೆಬರೆ,
ನನಗೆ ಸಿಗುತ್ತಿದ್ದದ್ದೇ ಒಂಬತ್ತು.

ಬಾರಿನಿಂದ ಬಾರಿಗೆ ಹೋದೆ, ಮೊದಲ ಸಲ ಗಾಡಿ ಖಾಲಿ ಇಟ್ಟುಕೊಂಡು.
ಮೊಸಳೆಯ ರಿಥಿ ತಲೆ ಕೆರೆದುಕೊಂಡ, ಶನಿವಾರ ಕಣೋ, ಅಂದ,
ಆಮೇಲೆ ಡಬ್ಬಿಯಲ್ಲಿ ಉಳಿದದ್ದನ್ನೂ ತಂದು ಸುರಿದ.
ಸೋಫೋರ್ನ್ ಮಾತೇ ಆಡಲಿಲ್ಲ,
ಒಂದು ಚೀಲ ಉಪ್ಪು ಕೊಟ್ಟಳು: ಮೇಲೆ ಹಾಕಿ, ತಡೆಯುತ್ತದೆ.
ತಡೆಯುವುದಿಲ್ಲ, ಉಪ್ಪಿಗೆ ಬೇಗ ಕರಗುತ್ತದೆ.
ಹೇಳಲಿಲ್ಲ.

ಆ ರಾತ್ರಿ ಹೊಳೆದಂಡೆಯುದ್ದಕ್ಕೂ ಬಿಯರು ಬೆಚ್ಚಗಿತ್ತು.
ಕೆಂಚುಗೂದಲಿನ ಹುಡುಗನೊಬ್ಬ ಬಾಟಲಿಯನ್ನು ಕೆನ್ನೆಗೊತ್ತಿ
ಇದೆಂಥಾ ಬಾರು, ಎಂದು ಕೂಗಿದ.
ಸ್ರೇಲೀಕ್ ನಕ್ಕಳು, ಅವರಿಗೆಂದೇ ಕಲಿತ ಆ ನಗು:
"ಐಸು ಇವತ್ತು ಒಬ್ಬರ ಮನೆಗೆ ಹೋಗಿದೆ."
ಅವನಿಗೆ ತಮಾಷೆಯಾಗಿ ಕಂಡಿತು. ಇನ್ನೊಂದು ತರಿಸಿದ.
ಹನ್ನೊಂದಕ್ಕೆಲ್ಲ ಕುರ್ಚಿಗಳು ಮೇಜು ಹತ್ತಿದವು,
ಹಾಡು ನಿಂತ ಜಾಗದಲ್ಲಿ ಗೋಡೆಯ ತೊಕ್ಕೇ ಹಲ್ಲಿ
ಏಳು ಸಲ ಕೂಗಿತು. ನಾನು ಎಣಿಸಿದೆ.

ಪಗೋಡದಲ್ಲಿ ಹೊಟ್ಟು ಹಾಸಿ, ದಿಮ್ಮಿ ಜೋಡಿಸಿ,
ನನ್ನ ಚೌಕಳಿ ವಸ್ತ್ರ ಹೊದಿಸಿದೆವು.
ಕೆಳಗಿನಿಂದ ನೀರು ಸಣ್ಣಗೆ ಹರಿದು
ದೇವಕಣಗಿಲೆಯ ಬುಡ ಸುತ್ತಿ ಹೊಳೆಯ ಕಡೆ ಹೋಗುತ್ತಿತ್ತು.
ನಾವು ಇಸ್ಪೀಟು ಆಡಿದೆವು, ತಾಳೆಹೆಂಡ ಕುಡಿದೆವು,
ಅದೂ ಬೆಚ್ಚಗೇ.

ಮೂರನೆಯ ದಿನ ಬಂದಳು, ಎತ್ತರದವಳು, ಬಿಸಿಲಿಗೆ ಕೆಂಪಾದವಳು.
ಅಪ್ಪನ ಕೈ ಹಿಡಿದು ಏನೋ ಅಂದಳು.
ಇಂಗ್ಲಿಷು ಬಲ್ಲ ಎಳೆಯ ಭಿಕ್ಷು ನಮಗೆ ತಿಳಿಸಿದ:
ಚಳಿಗಾಲದಲ್ಲಿ ಹೊರಗಿಂದ ಒಳಗೆ ಬಂದಾಗ
ಅಪ್ಪನ ಕೈ ಹೀಗೇ ಇರುತ್ತಿತ್ತಂತೆ.

ಐಸಿನದೆಷ್ಟು, ಎಂದು ಕೇಳಿದಳು.
ಇಪ್ಪತ್ತೇಳು ದಿಮ್ಮಿ. ತೆಗೆದುಕೊಂಡೆ.
ಕಾರ್ಖಾನೆಯವನಿಗೆ ಸಾವಿನ ಲೆಕ್ಕ ಬರುವುದಿಲ್ಲ.
ದಿನಕ್ಕೆ ಅರ್ಧದಂತೆ ಒಂದೂವರೆ ಮಾತ್ರ ಬಿಟ್ಟೆ,
ಅದು ಅವನ ಪಾಲು, ಅವನ ಗೆರೆಗಳ ಜೊತೆ ಇರಲಿ.

ಸೇತುವೆ ಬುಡದಲ್ಲಿ ಈಗ ಹೊಸಬರು.
ನೀಲಿ ದೀಪ ಹಾಕಿದ್ದಾರೆ, ಬೆಕ್ಕು ಮಾತ್ರ ಹಳೆಯದು.
ಮಗ ಅಭ್ಯಾಸಬಲದಿಂದ ಅಲ್ಲಿ ಗಾಡಿ ತಟ್ಟಿ ನಿಲ್ಲಿಸುತ್ತಾನೆ.
ಬೇಡ, ಎಂದು ಒಳಗಿನಿಂದ ಕೈ ಆಡಿಸುತ್ತಾರೆ,
ಅವರಿಗೆ ಯಂತ್ರದ ಐಸು ಬೇಕಂತೆ,
ನಡುವೆ ತೂತಿರುವಂಥದು.