ಎಲ್ಲ ಒಂಬತ್ತುಗಳನ್ನೂ ಬದಲಿಸು

ಘಾಟ್ಕೋಪರಿನಲ್ಲಿ ಪ್ಲೈವುಡ್ ಅಂಗಡಿಯ ಮೇಲೆ
ನಮ್ಮ ಆಫೀಸು. ಕೆಳಗೆ ಗರಗಸ ನಿಂತರೆ
ಮೇಲೆ ಫೋನಿನಲ್ಲಿ ಮಾತು.
ಪರದೆಯ ಮೇಲೆ ಐದು ಕಂಬ:
ಬಂದದ್ದು, ತಿದ್ದುವುದು, ಚಿತ್ರ, ಒಪ್ಪಿಗೆ, ಪ್ರಕಟ.
ಬರಹಕ್ಕೊಂದು ಹಳದಿ ಚೀಟಿ,
ಅದನ್ನು ಎಡದಿಂದ ಬಲಕ್ಕೆ ಎಳೆಯುವುದು,
ಇದಕ್ಕೇ ನನಗೆ ಸಂಬಳ.
ಭಾಷೆ ಎಂಟು. ಕನ್ನಡಕ್ಕೆ ನಾನೊಬ್ಬಳೇ.

ಡೊಂಬಿವಿಲಿಯ ವಾಮನ ಸಾಲಿಯಾನರ ಚೀಟಿ
ಸದಾ ಎರಡನೆಯ ಕಂಬಕ್ಕೇ ಒರಗಿರುತ್ತದೆ.
ಎಪ್ಪತ್ತು ದಾಟಿದವರು. ಫೋರ್ಟಿನ ಪ್ರೆಸ್ಸಿನಲ್ಲಿ
ಮೊಳೆ ಜೋಡಿಸಿದ ಬೆರಳು
ಈಗ ಮೊಮ್ಮಗಳ ಲ್ಯಾಪ್‌ಟಾಪಿನ ಮೇಲೆ.
ಅರ್ಕಾವತ್ತು ಬೇಕಾದಲ್ಲೆಲ್ಲ
ಅವರು ಒತ್ತುವುದು ಅಂಕಿ ಒಂಬತ್ತು:
ಅಥ೯. ವಷ೯. ಖಚು೯.
ಕಣ್ಣಿಗೆ ಕೂದಲೆಳೆಯ ವ್ಯತ್ಯಾಸವಿಲ್ಲ.
ಯಂತ್ರಕ್ಕೆ ಅದು ಪದವೇ ಅಲ್ಲ.
ವರ್ಷ ಎಂದು ಹುಡುಕಿದರೆ
ಅವರ ಒಂದು ವರ್ಷವೂ ಸಿಗುವುದಿಲ್ಲ.

ಆ ಶುಕ್ರವಾರ ಹದಿನಾಲ್ಕು ಚೀಟಿ ಬಾಕಿ,
ಆಮೇಲೆ ೮:೧೨ರ ಲೋಕಲ್.
ಓಂಕಾರ್ ಖೋಪ್ಕರ್ ಒಂದು ಸಾಲಿನ ಆಜ್ಞೆ ಬರೆದುಕೊಟ್ಟ:
ಒಂಬತ್ತು ಕಂಡಲ್ಲೆಲ್ಲ ರಕಾರ ಮಾಡು,
ಹಿಂದಿನ ಅಕ್ಷರದ ಆಚೆಗೆ ದಾಟಿಸು.
ನುಡಿಯುವಾಗ ಮೊದಲು ಬರುವುದು
ಬರೆಯುವಾಗ ಯಾಕೆ ಹಿಂದೆ ನಿಲ್ಲುತ್ತದೆ ಎಂದು ಕೇಳಿದ.
ನನಗೆ ಗೊತ್ತಿರಲಿಲ್ಲ.
ಇನ್ನೂರ ಆರು ಕಡೆ ಬದಲಾಗಿದೆ, ಎಂದಿತು ಪರದೆ.
ಬ್ಯಾಗು ಎತ್ತಿಕೊಂಡೆ.

ಶಾಹಿದಾ ಚಿತ್ರ ಕೂರಿಸಿದಳು:
ಯಾವುದೋ ಚಾಳಿನ ಮೆಟ್ಟಿಲು, ಯಾರದೋ ಟ್ರಂಕು.
ಡೆರಿಲ್ ಒಪ್ಪಿದ. ಅವನು ನೋಡುವುದು
ಅಂಚು, ಅಂತರ, ಬಣ್ಣ.
ಭಾನುವಾರ ಬೆಳಗ್ಗೆ ಏಳಕ್ಕೆ, ನಾವೆಲ್ಲ ಮಲಗಿರುವಾಗ,
ಚೀಟಿ ತಾನಾಗಿಯೇ ಕೊನೆಯ ಕಂಬಕ್ಕೆ ನಡೆಯಿತು.

ಅಂದು ಮೆಗಾಬ್ಲಾಕ್. ನನ್ನ ಗಾಡಿ ಕುರ್ಲಾದಲ್ಲಿ
ಅರ್ಧ ಗಂಟೆಯಿಂದ ನಿಂತಿದೆ. ಫೋನು.
‘ಮಗಾ, ನಾನು ಬೊಂಬಾಯಿಗೆ ಬಂದ ಇಸವಿ
ಯಾವ ಭಾಷೆಯಲ್ಲಿದೆ?’

ತೆರೆದು ನೋಡಿದೆ. ಮೊದಲ ಸಾಲಿನಲ್ಲೇ:
ರ್೧ರ್೬ರಲ್ಲಿ ಬೋರಿಬಂದರಿನಲ್ಲಿ ಇಳಿದಾಗ
ನನ್ನ ಕೈಯಲ್ಲಿ ಒಂದು ಚೀಲವಿತ್ತು.

ಸಾವಿರದ ಎಂಟುನೂರು ಮಂದಿ ದಾಟಿಹೋಗಿದ್ದರು ಆ ಸಾಲನ್ನು.
ಒಬ್ಬರೂ ಎಡವಿರಲಿಲ್ಲ.

ಕ್ಷಮಿಸಿ ಅಂದೆ. ಸಿಟ್ಟು ಬಂದಂತಿರಲಿಲ್ಲ ಅವರಿಗೆ,
ಮಾತಿಗೊಂದು ನೆವ ಸಿಕ್ಕಂತಿತ್ತು.
‘ಮದುವೆ ಕಾಗದದ ಸೀಸನ್ನಿನಲ್ಲಿ
ಅರ್ಕಾವತ್ತಿನ ಮೊಳೆ ತೀರಿಹೋಗುತ್ತಿತ್ತು.
ಮುಹೂರ್ತ ಅನ್ನು, ಆಶೀರ್ವಾದ ಅನ್ನು,
ಪ್ರೀತಿಪೂರ್ವಕ, ಸರ್ವರೂ,
ಎಷ್ಟೂಂತ ಇಟ್ಟುಕೊಳ್ಳುವುದು?
ಒಂಬತ್ತು ತೆಗೆದು ಕೂರಿಸುತ್ತಿದ್ದೆವು.
ಅದರಿಂದ ಯಾವ ಮದುವೆಯೂ ನಿಂತದ್ದಿಲ್ಲ.’
ಆಮೇಲೆ ಇಸವಿ ಹೇಳಿದರು, ಬಿಡಿಸಿ ಬಿಡಿಸಿ,
ಹಿಂದಿನಿಂದ ಮುಂದಕ್ಕೆ,
ಮೊಳೆ ಜೋಡಿಸುವವರು ಓದುವ ಹಾಗೆ:
ಒಂಬತ್ತು, ಆರು, ಒಂಬತ್ತು, ಒಂದು.

ಪ್ರಕಟವಾದ ಚೀಟಿಯನ್ನು ಹಿಂದಕ್ಕೆಳೆದರೆ
ಕಾರಣ ಕೇಳುತ್ತದೆ ಒಂದು ಪುಟ್ಟ ಚೌಕ,
ಹತ್ತು ಅಕ್ಷರಕ್ಕೆ ಕಡಿಮೆಯಾದರೆ ಒಪ್ಪುವುದಿಲ್ಲ.
ಹೆಬ್ಬೆರಳಲ್ಲಿ ಬರೆದೆ:
ಸಾಲಿಯಾನರು ಬಂದ ವರ್ಷ ಕಾಣೆಯಾಗಿದೆ.

ಕಿಟಕಿಯಾಚೆ ಹಳದಿ ಹಲಗೆ. ನಾಗರಿಯ ಕುರ್ಲಾದಲ್ಲಿ
ರಕಾರ ‘ಲಾ’ದ ನೆತ್ತಿಯ ಮೇಲೆ,
ಒಂದು ಕಾಲದಲ್ಲಿ ಹುಡುಗರು
ಗಾಡಿಯ ಚಾವಣಿ ಏರಿ ಕೂತ ಹಾಗೆ.
ನಮ್ಮದು ಹಾಗಲ್ಲ. ಕೆಳಗಿಳಿದು
ಪಕ್ಕದಲ್ಲಿ, ಬಾಗಿಲ ಕಂಬಿ ಹಿಡಿದು,
ಒಂದು ಕಾಲು ಒಳಗೆ.

ಮೊದಲ ಒಂಬತ್ತು ಕೂತಿತು.
ಎರಡನೆಯದನ್ನು ಒತ್ತುವಾಗ ಗಾಡಿ ಜಗ್ಗಿತು,
ಸಿಗ್ನಲ್ ಹೋಯಿತು.
ಸಾಯನ್ ಬರುವ ತನಕ
ಪರದೆಯ ನಡುವೆ ಆ ಸುಳಿ
ತಿರುಗುತ್ತಲೇ ಇತ್ತು.